ಪದ ಪರಿಚಯ: ಉಪದ್ರವಿ ಮೊಸಳೆ

1970ರ ದಶಕದಲ್ಲಿ ಉತ್ತರ ಆಸ್ಟ್ರೇಲಿಯಾದ ಫಿನ್ನಿಸ್ ನದಿಯಲ್ಲಿದ್ದ ಒಂದು ಗಂಡು ಮೊಸಳೆಗೆ ಮೋಟರ್ ದೋಣಿಗಳನ್ನು ಕಂಡರೆ ಆಗುತ್ತಿರಲಿಲ್ಲ. 5.1 ಮೀಟರ್ ಉದ್ದದ ಆ ಪ್ರಾಣಿ ಮೀನು ಹಿಡಿಯಲು ಬಂದವರ ದೋಣಿಗಳ ಎಂಜಿನ್ನಿಗೇ ಬಾಯಿ ಹಾಕುತ್ತಿತ್ತು. ಎಂಜಿನ್ನಿನ ಸದ್ದು ಅದಕ್ಕೆ ಇನ್ನೊಂದು ಗಂಡಿನ ಸವಾಲಿನಂತೆ ಕೇಳಿಸಿರಬೇಕು ಎಂದು ಊಹಿಸಲಾಗಿದೆ. ಮನುಷ್ಯರೊಬ್ಬರಿಗೂ ಅದು ಗಾಯ ಮಾಡಲಿಲ್ಲ. ಜನ ಅದನ್ನು ‘ಸ್ವೀಟ್‌ಹಾರ್ಟ್’ ಎಂದು ಕರೆದರು. 1979ರಲ್ಲಿ ಹಿಡಿದು ಸಾಗಿಸುವಾಗ, ಅರಿವಳಿಕೆಯ ಮಂಪರಿನಲ್ಲಿದ್ದ ಮೊಸಳೆ ನೀರಿನಡಿಯ ದಿಮ್ಮಿಗೆ ಸಿಕ್ಕಿಕೊಂಡು ಮುಳುಗಿ ಸತ್ತಿತು. ಅದರ ದೇಹ ಈಗ ಡಾರ್ವಿನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯ ವನ್ಯಜೀವಿ ಇಲಾಖೆಯವರು ‘ಪ್ರಾಬ್ಲಮ್ ಕ್ರೊಕಡೈಲ್’, ಅಂದರೆ ಉಪದ್ರವಿ ಮೊಸಳೆ ಎಂದಾಗ ಮನಸ್ಸಿಗೆ ಬರುವುದು ಇಂಥ ಪುಂಡ ಪ್ರಾಣಿಯೇ. ಆದರೆ ಅವರ ಪಟ್ಟಿಗೆ ಸೇರಲು ಮೊಸಳೆ ಪುಂಡಾಟ ಮಾಡಲೇಬೇಕೆಂದಿಲ್ಲ. ಮನುಷ್ಯರ ಮೇಲೆ ಎರಗಿದ್ದು, ಎರಗುವ ಸೂಚನೆ ಕೊಟ್ಟಿದ್ದು ಉಪದ್ರವಿ ಹೌದು; ಜನ ಈಜುವ, ದೋಣಿ ಇಳಿಸುವ ಜಾಗದಲ್ಲಿ ಸುಮ್ಮನೆ ಕಾಣಿಸಿಕೊಂಡದ್ದೂ ಉಪದ್ರವಿಯೇ. ಅದೇ ಮೊಸಳೆ ಜನರಿಲ್ಲದ ನದಿಯಲ್ಲಿದ್ದರೆ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ಮೊಸಳೆಯ ದೃಷ್ಟಿಯಿಂದ ಇದು ಅನ್ಯಾಯವೇ ಸರಿ, ಆದರೆ ಆಡಳಿತಕ್ಕೆ ಬೇರೆ ದಾರಿಯಿಲ್ಲ.

ಡಾರ್ವಿನ್ ಬಂದರಿನಲ್ಲಿ ಪ್ರತಿ ವರ್ಷ ಇನ್ನೂರಕ್ಕೂ ಹೆಚ್ಚು ಉಪ್ಪುನೀರಿನ ಮೊಸಳೆಗಳು ಬೋನಿಗೆ ಬೀಳುವುದು ಸಾಮಾನ್ಯ. ಬೋನೆಂದರೆ ನೀರಿನ ಮೇಲೆ ತೇಲುವ ಲೋಹದ ಪಂಜರ. ಒಳತುದಿಯಲ್ಲಿ ಮಾಂಸ ಕಟ್ಟಿರುತ್ತಾರೆ, ಅದನ್ನು ಎಳೆದೊಡನೆ ಹಿಂದಿನ ಬಾಗಿಲು ಬೀಳುತ್ತದೆ. ಸಿಬ್ಬಂದಿ ಬಂದು ಮೇಲ್ದವಡೆಗೆ ಹಗ್ಗದ ಕುಣಿಕೆ ಹಾಕಿ, ಬಾಯಿಗೆ ಟೇಪ್ ಸುತ್ತುತ್ತಾರೆ. ಕಚ್ಚುವ ಸ್ನಾಯುಗಳಿಗೆ ಎಷ್ಟು ಬಲವೋ ಬಾಯಿ ತೆರೆಯುವ ಸ್ನಾಯುಗಳು ಅಷ್ಟೇ ದುರ್ಬಲ, ಹಾಗಾಗಿ ಟೇಪೇ ಸಾಕಾಗುತ್ತದೆ. ಸಿಕ್ಕವುಗಳಲ್ಲಿ ಹೆಚ್ಚಿನವು ಇನ್ನೂ ಪೂರ್ತಿ ಬೆಳೆಯದ ಗಂಡುಗಳು. ನದಿಗಳಲ್ಲಿ ದೊಡ್ಡ ಗಂಡುಗಳು ಅವನ್ನು ಇರಗೊಡುವುದಿಲ್ಲ. ಹಾಗೆ ಜಾಗ ಕಳೆದುಕೊಂಡವು ಬಂದರು ಸೇರುತ್ತವೆ. ಒಂದನ್ನು ತೆಗೆದ ಜಾಗಕ್ಕೆ ಇನ್ನೊಂದು ಬರುವುದರಿಂದ ಬೋನುಗಳಿಗೆ ಬಿಡುವೇ ಇಲ್ಲ.

ಹಿಡಿದದ್ದನ್ನು ದೂರ ಒಯ್ದು ಬಿಡಬಾರದೇ? ಕ್ವೀನ್ಸ್‌ಲ್ಯಾಂಡಿನಲ್ಲಿ ಹಾಗೆ ಮಾಡಿ ನೋಡಿದ್ದರು. ಕೇಪ್ ಯಾರ್ಕ್ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿ ಹಿಡಿದ 4.5 ಮೀಟರ್ ಗಂಡನ್ನು ಹೆಲಿಕಾಪ್ಟರಿನಲ್ಲಿ ಪೂರ್ವ ಕರಾವಳಿಗೆ ಸಾಗಿಸಿ, ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಬಿಟ್ಟರು. ಕೆಲವು ತಿಂಗಳು ಅಲ್ಲೇ ಅಡ್ಡಾಡಿದ ಅದು, ಆಮೇಲೆ ಭೂಶಿರವನ್ನು ಬಳಸಿ 20 ದಿನಗಳಲ್ಲಿ 400 ಕಿಲೋಮೀಟರಿಗೂ ಹೆಚ್ಚು ಈಜಿ ತನ್ನ ಹಳೆಯ ಜಾಗಕ್ಕೇ ಮರಳಿತು. ನಾರ್ದರ್ನ್ ಟೆರಿಟರಿಯಲ್ಲಿ ಹಿಡಿದವನ್ನು ಸಾಕಣೆ ಕೇಂದ್ರಕ್ಕೆ ಕಳಿಸುತ್ತಾರೆ, ಇಲ್ಲವೇ ಕೊಲ್ಲುತ್ತಾರೆ.

ಇದನ್ನು ‘ಕಲಿಂಗ್’, ಅಂದರೆ ಸಂಖ್ಯೆ ಇಳಿಸಲೆಂದೇ ನಡೆಸುವ ಸಾಮೂಹಿಕ ಹತ್ಯೆಯೊಂದಿಗೆ ಬೆರೆಸಬಾರದು. ಕಲಿಂಗ್‌ನಲ್ಲಿ ಯಾವ ಪ್ರಾಣಿ, ಎಲ್ಲಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಶಾರ್ಕ್‌ಗಳ ವಿಷಯದಲ್ಲಿ ಅದರ ದಾಖಲೆ ಅಷ್ಟೇನೂ ಚೆನ್ನಾಗಿಲ್ಲ. ಹವಾಯಿಯಲ್ಲಿ 1959ರಿಂದ 1976ರವರೆಗೆ 4,668 ಶಾರ್ಕ್‌ಗಳನ್ನು ಕೊಂದರೂ ದಾಳಿಗಳು ಗಮನಾರ್ಹವಾಗಿ ಕಡಿಮೆಯಾದಂತೆ ಕಾಣಲಿಲ್ಲ. 2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಗಾಳದ ಸಾಲು ಹಾಕಿ 172 ಶಾರ್ಕ್‌ಗಳನ್ನು ಹಿಡಿಯಿತು. ಜನರಿಗೆ ಭಯವಿದ್ದದ್ದು ಗ್ರೇಟ್ ವೈಟ್ ಜಾತಿಯದ್ದು. ಸಿಕ್ಕವುಗಳಲ್ಲಿ ಅದು ಒಂದೂ ಇರಲಿಲ್ಲ.

ಮೊಸಳೆಗಳ ಸಂಖ್ಯೆ ಇಳಿಸುವುದು ಅಸಾಧ್ಯವೇನಲ್ಲ. ಎರಡನೇ ಮಹಾಯುದ್ಧದ ನಂತರ ಚರ್ಮಕ್ಕಾಗಿ ನಡೆದ ಬೇಟೆಯಲ್ಲಿ ನಾರ್ದರ್ನ್ ಟೆರಿಟರಿಯ ಉಪ್ಪುನೀರಿನ ಮೊಸಳೆಗಳು ಸುಮಾರು 3,000ಕ್ಕೆ ಇಳಿದಿದ್ದವು. 1971ರಲ್ಲಿ ರಕ್ಷಣೆ ಸಿಕ್ಕಿತು. ಈಗ ಅಲ್ಲಿ ಸುಮಾರು ಒಂದು ಲಕ್ಷ ಮೊಸಳೆಗಳಿವೆ ಎಂಬ ಅಂದಾಜಿದೆ. ಈ ಏರಿಕೆಯನ್ನು ಜನ ಸಹಿಸಿಕೊಂಡದ್ದಕ್ಕೆ ಮೊಟ್ಟೆಯ ವ್ಯಾಪಾರವೂ ಒಂದು ಕಾರಣ. ಕಾಡಿನ ಗೂಡುಗಳಿಂದ ಮೊಟ್ಟೆ ಸಂಗ್ರಹಿಸುವವರು ಜಮೀನಿನ ಒಡೆಯರಿಗೆ ಹಣ ಕೊಡುತ್ತಾರೆ, ಆ ಒಡೆಯರಲ್ಲಿ ಆದಿವಾಸಿ ಸಮುದಾಯಗಳೂ ಇವೆ. ಮಳೆಗಾಲದ ನೆರೆಗೆ ಗೂಡುಗಳು ಹೇಗೂ ಮುಳುಗುತ್ತವೆ, ಬದುಕಿ ಪ್ರೌಢವಾಗುವ ಮರಿಗಳು ತೀರಾ ವಿರಳ. ಆದ್ದರಿಂದ ಮೊಟ್ಟೆ ತೆಗೆದರೂ ಸಂಖ್ಯೆಗೆ ಪೆಟ್ಟು ಬಿದ್ದಿಲ್ಲ.

2024ರಲ್ಲಿ 12 ವರ್ಷದ ಬಾಲಕಿಯೊಬ್ಬಳು ಮೊಸಳೆಗೆ ಬಲಿಯಾದ ಬಳಿಕ, ಮೊಸಳೆಗಳ ಸಂಖ್ಯೆ ಇಳಿಸಬೇಕೇ ಎಂಬ ಚರ್ಚೆ ಮತ್ತೆ ಬಿಸಿಯೇರಿತು. ಅದೇ ವರ್ಷ ಬಂದ ಹೊಸ ನಿರ್ವಹಣಾ ಯೋಜನೆ, ವರ್ಷಕ್ಕೆ ತೆಗೆಯಬಹುದಾದ ಮೊಸಳೆಗಳ ಮಿತಿಯನ್ನು 300ರಿಂದ 1,200ಕ್ಕೆ ಏರಿಸಿತು. ಲಕ್ಷದಲ್ಲಿ ಇದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಅಷ್ಟನ್ನೂ ಊರುಗಳ ಪಕ್ಕದ ಹೊಳೆ, ಸ್ನಾನದ ಮಡು, ದೋಣಿಕಟ್ಟೆಗಳಿಂದ ತೆಗೆದರೆ ಅಲ್ಲಿನ ಜನರಿಗೆ ನಿಜವಾದ ಉಪಯೋಗವಿದೆ, ಅವನ್ನು ಉಪದ್ರವಿ ಮೊಸಳೆಗಳೆಂದು ಕರೆಯಲು ಅಡ್ಡಿಯಿಲ್ಲ. ಲೆಕ್ಕ ತುಂಬಿಸಲು ಜನರೇ ಸುಳಿಯದ ನದಿಗಳಿಂದ ತೆಗೆದರೆ, ಅದು ಸಣ್ಣ ಪ್ರಮಾಣದ ಕಲಿಂಗ್ ಅಷ್ಟೇ.