ಪ್ಲಾಸ್ಮಾ ನೈಟ್ರೈಡಿಂಗ್: ಫರ್ನೇಸ್ ಮುಚ್ಚುವ ಮುನ್ನ ನೋಡಬೇಕಾದದ್ದು

ಪ್ಲಾಸ್ಮಾ ನೈಟ್ರೈಡಿಂಗ್ ಎಂದರೆ ಉಕ್ಕಿನ ಮೈಯೊಳಕ್ಕೆ ನೈಟ್ರೋಜನ್ ಇಳಿಸಿ ಗಡಸು ಮಾಡುವ ವಿಧಾನ. ಅದರಲ್ಲಿ ಕೆಟ್ಟು ಬರುವ ಜಾಬ್‌ಗಳಲ್ಲಿ (ಗಡಸು ಮಾಡಲು ಬಂದ ಭಾಗಗಳಲ್ಲಿ) ಹೆಚ್ಚಿನವು ಫರ್ನೇಸ್ ಮುಚ್ಚುವ ಮೊದಲೇ ಕೆಟ್ಟಿರುತ್ತವೆ.

ನಿರ್ವಾತ ಕೋಣೆಯಲ್ಲಿ ಜಾಬ್ ಕ್ಯಾಥೋಡ್ (ಋಣ ತುದಿ), ಗೋಡೆ ಆನೋಡ್ (ಧನ ತುದಿ). ಕೆಲವೇ ಮಿಲಿಬಾರ್ ಒತ್ತಡದಲ್ಲಿ ನೈಟ್ರೋಜನ್ ಮತ್ತು ಹೈಡ್ರೋಜನ್ ಬಿಟ್ಟು ಕೆಲವು ನೂರು ವೋಲ್ಟ್ ಪಲ್ಸ್ ಡಿಸಿ ಕೊಟ್ಟರೆ ಜಾಬ್‌ನ ಮೈಗೆ ನೇರಳೆ ಬೆಳಕು ಹತ್ತಿಕೊಳ್ಳುತ್ತದೆ. 480–560 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿಳಿದ ನೈಟ್ರೋಜನ್, ಉಕ್ಕಿನಲ್ಲಿರುವ ಕ್ರೋಮಿಯಂ, ಅಲ್ಯೂಮಿನಿಯಂ, ವೆನೇಡಿಯಂ ಜೊತೆ ಸೇರಿ ಸೂಕ್ಷ್ಮ ನೈಟ್ರೈಡ್‌ಗಳಾಗುತ್ತದೆ. ಗಡಸುತನ ಇವುಗಳದ್ದೇ. ಎಚ್13 ಎಂಬ ಡೈ (ಅಚ್ಚು) ಉಕ್ಕು 1000 ವಿಕರ್ಸ್ (ಗಡಸುತನದ ಅಳತೆ) ಮುಟ್ಟುತ್ತದೆ, ಇಎನ್19 ಎಂಬ ಮಿಶ್ರಲೋಹ ಉಕ್ಕು ಸುಮಾರು 600–700ಕ್ಕೆ ನಿಲ್ಲುತ್ತದೆ. ಸಾದಾ ಕಾರ್ಬನ್ ಉಕ್ಕಿನಿಂದ ಅಷ್ಟನ್ನು ಕೇಳಲೇಬಾರದು.

ಮೊದಲು ಕೇಳಬೇಕಾದ ಪ್ರಶ್ನೆ: ಟೆಂಪರಿಂಗ್ (ಗಡಸಾದ ಉಕ್ಕನ್ನು ಮತ್ತೆ ಕಾಯಿಸಿ ಪೆಡಸುತನ ಇಳಿಸುವುದು) ಎಷ್ಟು ಡಿಗ್ರಿಗೆ ಮಾಡಿದ್ದಾರೆ? ಅದು ನೈಟ್ರೈಡಿಂಗ್ ತಾಪಕ್ಕಿಂತ ಕನಿಷ್ಠ 30 ಡಿಗ್ರಿ ಹೆಚ್ಚಿರಬೇಕು. 500ಕ್ಕೆ ಟೆಂಪರ್ ಆದ ಶಾಫ್ಟನ್ನು 530ರಲ್ಲಿ ಇಪ್ಪತ್ತು ಗಂಟೆ ಇಟ್ಟರೆ ಒಳತಿರುಳು ಮೆತ್ತಗಾಗುತ್ತದೆ. ಭಾರ ಬಿದ್ದಾಗ ಮೇಲಿನ ಗಡಸು ಪದರ ಮೊಟ್ಟೆಯ ಚಿಪ್ಪಿನಂತೆ ಬಿರಿಯುತ್ತದೆ. ರಫ್ ಮಷೀನಿಂಗ್ ಆದಮೇಲೆ ಸ್ಟ್ರೆಸ್ ರಿಲೀವಿಂಗ್ (ಒಳಗಿನ ಬಿಗಿತ ಬಿಡಿಸಲು ಕಾಯಿಸುವುದು) ಬಿಟ್ಟರೆ ಜಾಬ್ ಸೊಟ್ಟಗಾಗುತ್ತದೆ, ಆಗ ದೂರು ನೈಟ್ರೈಡಿಂಗ್ ಮೇಲೆ.

ಥ್ರೆಡ್‌ಗಳಲ್ಲಿ ಎಣ್ಣೆ ಉಳಿದರೆ ಆರ್ಕ್ (ವಿದ್ಯುತ್ ಕಿಡಿ) ಹೊಡೆದು ಮೈಮೇಲೆ ಗುಳಿ ಬೀಳುತ್ತದೆ. ಸ್ವಚ್ಛ ಮಾಡಿ, ಒಣಗಿಸಿ.

ಹೆಚ್ಚು ಹಾನಿ ಮಾಡುವುದು ಸಣ್ಣ ರಂಧ್ರಗಳು. ಎದುರುಬದುರು ಗೋಡೆಗಳ ಬೆಳಕಿನ ಪದರಗಳು ಒಂದಕ್ಕೊಂದು ಸೇರಿದರೆ ಎಲೆಕ್ಟ್ರಾನ್‌ಗಳು ನಡುವೆ ಸಿಕ್ಕಿಬೀಳುತ್ತವೆ, ಅಯಾನೀಕರಣ ಏರಿ ಆ ಜಾಗವಷ್ಟೇ ಕಾಯುತ್ತದೆ. ಇದು ಹಾಲೋ ಕ್ಯಾಥೋಡ್ ಪರಿಣಾಮ. ಥರ್ಮೋಕಪಲ್ (ತಾಪ ಅಳೆಯುವ ಸಾಧನ) ಬೇರೆಡೆ ಇರುವುದರಿಂದ ಮೀಟರ್‌ನಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ. ರಂಧ್ರದ ಅಂಚು ಮಾತ್ರ ಕರಗುವಷ್ಟು ಬಿಸಿಯಾಗಿರಬಹುದು. ಗಡಸುತನ ಬೇಡದ ರಂಧ್ರಕ್ಕೆ ಉಕ್ಕಿನ ಪಿನ್ ತುರುಕಿ. ಒಳಗೂ ಬೇಕಿದ್ದರೆ ಒತ್ತಡ ಏರಿಸಿ: ಬೆಳಕಿನ ಪದರ ತೆಳುವಾಗಿ ಗೋಡೆಗೆ ಅಂಟಿಕೊಂಡು ಒಳಗಿಳಿಯುತ್ತದೆ. ಜಾಬ್‌ಗಳನ್ನು ತೀರ ಒತ್ತೊತ್ತಾಗಿ ಜೋಡಿಸಿದರೂ ನಡುವಿನ ಸಂದಿಯಲ್ಲಿ ಇದೇ ತೊಂದರೆ. ತೆಳುವಾದವನ್ನೂ ದಪ್ಪನೆಯವನ್ನೂ ಒಂದೇ ಚಾರ್ಜ್‌ಗೆ (ಫರ್ನೇಸ್‌ಗೆ ಒಮ್ಮೆ ತುಂಬುವ ಜಾಬ್‌ಗಳಿಗೆ) ಹಾಕಬೇಡಿ; ತೆಳುವಾದವು ಬೇಗ ಕಾದುಬಿಡುತ್ತವೆ.

ಅನಿಲ ಮಿಶ್ರಣದಲ್ಲಿ ನೈಟ್ರೋಜನ್ ಕಾಲು ಭಾಗವಿದ್ದರೆ ಮೇಲೆ ಕೆಲವು ಮೈಕ್ರಾನ್ ವೈಟ್ ಲೇಯರ್ (ಗಡಸಾದರೂ ಪೆಡಸಾದ ಕಬ್ಬಿಣದ ನೈಟ್ರೈಡ್ ಪದರ) ಕೂರುತ್ತದೆ. ಉಜ್ಜಾಟಕ್ಕೆ ಅದು ಒಳ್ಳೆಯದು. ಬಡಿತ ತಿನ್ನುವ ಡೈಗಳಲ್ಲಿ ಅದು ಬಿರಿಯಬಹುದು, ಅವಕ್ಕೆ ನೈಟ್ರೋಜನ್ನನ್ನು ಸುಮಾರು 5 ಶೇಕಡಾಕ್ಕೆ ಇಳಿಸುವುದೇ ಸರಿ.

ಗಡಸುತನದ ಪರೀಕ್ಷೆಗೆ ರಾಕ್‌ವೆಲ್ ಸಿ ವಿಧಾನ ಬಳಸಬೇಡಿ. ಅದರ 150 ಕೆಜಿ ಭಾರ ತೆಳು ಪದರವನ್ನು ತೂರಿ ತಿರುಳನ್ನೇ ಅಳೆಯುತ್ತದೆ. ಅದೇ ಉಕ್ಕಿನ, ಅದೇ ಟೆಂಪರಿಂಗ್ ಆದ ತುಂಡೊಂದನ್ನು ಚಾರ್ಜ್ ಜೊತೆಗಿಟ್ಟು, ಅದನ್ನು ಕತ್ತರಿಸಿ ಕಡಿಮೆ ಭಾರದ ವಿಕರ್ಸ್‌ನಲ್ಲಿ ಒಳಕ್ಕೆ ಅಳೆಯುತ್ತ ಹೋಗಿ. ತಿರುಳಿಗಿಂತ 50 ವಿಕರ್ಸ್ ಹೆಚ್ಚಿರುವ ಬಿಂದುವಿನವರೆಗಿನ ದೂರವೇ ಕೇಸ್ ಡೆಪ್ತ್ (ಗಡಸು ಪದರದ ಆಳ).