ಶುಗರ್ ಮಾತ್ರೆ ಶುರು ಮಾಡಿದರೆ ಬಿಡೋಕೇ ಆಗಲ್ವಾ?

ಪ್ರಶ್ನೆ: ನನಗೆ 44 ವರ್ಷ. ಈಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಇದೆ ಎಂದು ಗೊತ್ತಾಯಿತು. ಖಾಲಿ ಹೊಟ್ಟೆಯಲ್ಲಿ 162, ಎಚ್‌ಬಿಎ1ಸಿ 8.1. ಡಾಕ್ಟರು ಮೆಟ್‌ಫಾರ್ಮಿನ್ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಮಾತ್ರ, "ಮಾತ್ರೆ ಒಂದು ಸಲ ಶುರುವಾದರೆ ಸಾಯೋವರೆಗೂ ಬಿಡೋ ಹಾಗಿಲ್ಲ. ಅನ್ನ ಬಿಟ್ಟು ಮುದ್ದೆ ತಿನ್ನು, ತಾನೇ ಇಳಿಯುತ್ತೆ" ಅನ್ನುತ್ತಿದ್ದಾರೆ. ಮೂರು ತಿಂಗಳು ಮಾತ್ರೆ ಮುಟ್ಟದೆ ನೋಡಬಹುದೇ?

ಉತ್ತರ: ನಿಮ್ಮ ಅಂಕಿಗಳನ್ನು ನೋಡಿದರೆ ಬೇಡ ಅನ್ನುತ್ತೇನೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. 6.6 ಬಂದಿದ್ದರೆ ಊಟ, ನಡಿಗೆಯಲ್ಲೇ ಮೂರು ತಿಂಗಳು ನೋಡೋಣ ಎಂದು ಡಾಕ್ಟರೇ ಹೇಳುವುದುಂಟು. 8.1 ಆ ಗಡಿಯ ಆಸುಪಾಸಿನಲ್ಲಿಲ್ಲ. ಎಚ್‌ಬಿಎ1ಸಿ ರಕ್ತದ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ, ಹಿಂದಿನ ದಿನದ ಮದುವೆ ಊಟದ ಮೇಲೆ ತಪ್ಪು ಹೊರಿಸುವಂತೆಯೂ ಇಲ್ಲ.

ಮಾತ್ರೆ ಬಿಡಲಾಗದ ಚಟವಾಗುತ್ತದೆ ಎಂಬ ಭಯ ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ. ನೆಂಟರಲ್ಲಿ ಯಾರೋ ಒಂದು ಮಾತ್ರೆಯಿಂದ ಶುರು ಮಾಡಿ, ಎರಡಾಗಿ, ಕೊನೆಗೆ ಇನ್ಸುಲಿನ್‌ಗೆ ಹೋದದ್ದನ್ನು ಮನೆಯವರು ಕಂಡಿರುತ್ತಾರೆ. ಆದರೆ ಅಲ್ಲಿ ಬೆಳೆದದ್ದು ಕಾಯಿಲೆ, ಮಾತ್ರೆ ಅದರ ಹಿಂದೆ ಓಡಿದೆ ಅಷ್ಟೆ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಜೀವಕೋಶಗಳು ಇನ್ನಷ್ಟು ಸೊರಗುತ್ತವೆ. ಬೇಗ ಇಳಿಸಿದರೆ ಅವಕ್ಕೆ ಒಂದಿಷ್ಟು ಉಸಿರು. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ಯುಕೆಪಿಡಿಎಸ್ ಅಧ್ಯಯನಕ್ಕೆ ಸೇರಿಸಿಕೊಂಡದ್ದು ನಿಮ್ಮಂತೆ ಆಗಷ್ಟೇ ಕಾಯಿಲೆ ಗೊತ್ತಾದವರನ್ನೇ. ಆರಂಭದಲ್ಲೇ ಔಷಧಿಯಿಂದ ಬಿಗಿಯಾಗಿ ಸಕ್ಕರೆ ಹತೋಟಿಗೆ ತಂದುಕೊಂಡವರಲ್ಲಿ, ಅಧ್ಯಯನ ಮುಗಿದು ಹತ್ತು ವರ್ಷವಾದ ಮೇಲೂ ಹೃದಯಾಘಾತ ಮತ್ತು ಸಾವು ಕಡಿಮೆ ಇದ್ದವು ಎಂದು 2008ರಲ್ಲಿ ಪ್ರಕಟವಾಯಿತು. ನೀವು ಕಾದು ನೋಡುತ್ತಾ ಕಳೆಯುತ್ತೇನೆ ಅನ್ನುತ್ತಿರುವುದು ಈ ಬೆಲೆಬಾಳುವ ಕಾಲವನ್ನೇ.

ಇನ್ನು ಮುದ್ದೆಯ ವಿಷಯ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್), ರಾಗಿಯಲ್ಲಿ ಸುಮಾರು 67. ನಾರಿನಲ್ಲಿ ರಾಗಿಯದೇ ಮೇಲುಗೈ, ಅಕ್ಕಿಯ 3 ಗ್ರಾಂ ಎದುರು 11. ಒಳ್ಳೆಯ ಧಾನ್ಯವೇ, ಸಂಶಯವಿಲ್ಲ. ಆದರೆ 67 ಕೂಡ ಸಣ್ಣ ಅಂಕಿಯಲ್ಲ. ಒಂದು ಬಟ್ಟಲು ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ನುಂಗಿದರೆ ಸಕ್ಕರೆ ಇಳಿಯುವುದಿರಲಿ, ಏರಬಹುದು. ಗಂಜಿಯಂತೂ ಸರಸರನೆ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ. ಬೆಲ್ಲ ಹಾಕಿದ ರಾಗಿ ಮಾಲ್ಟನ್ನು ಪಥ್ಯವೆಂದು ದಿನಾ ಕುಡಿಯುವವರಿಗೆ ಏನು ಹೇಳುವುದು? ಬೆಲ್ಲವಾಗಲಿ ಜೇನಾಗಲಿ ರಕ್ತಕ್ಕೆ ಸಕ್ಕರೆಯೇ. ಹಿತ್ತಲಲ್ಲಿ ಬೆಳೆಸಿದ ಇನ್ಸುಲಿನ್ ಗಿಡದ ಎಲೆ, ಹಾಗಲಕಾಯಿ ರಸ ಇವೂ ಮಾತ್ರೆಯ ಜಾಗಕ್ಕೆ ಬರುವುದಿಲ್ಲ. ಹಾಗಲಕಾಯಿ ಪಲ್ಯ ಮಾಡಿ ತಿನ್ನಿ, ಅದು ಬೇರೆ ಮಾತು.

ಹಾಗಾಗಿ ಅನ್ನವೋ ಮುದ್ದೆಯೋ ಎಂದು ಜಗಳವಾಡುವ ಬದಲು ತಟ್ಟೆಯಲ್ಲಿ ಅದಕ್ಕೆ ಎಷ್ಟು ಜಾಗ ಎಂದು ನೋಡಿ. ಅರ್ಧ ತಟ್ಟೆ ಪಲ್ಯ, ಕೋಸಂಬರಿ, ಸೊಪ್ಪು. ಕಾಲು ಭಾಗ ಕಾಳು, ಮೊಟ್ಟೆ, ಮೀನು ಇಲ್ಲವೇ ಕೋಳಿ. ಉಳಿದ ಕಾಲು ಭಾಗಕ್ಕೆ ಚಿಕ್ಕ ಮುದ್ದೆ ಬಂದರೂ ಸರಿ, ಅನ್ನ ಬಂದರೂ ಸರಿ. ಸೊಪ್ಪು ಕಾಳಿನ ಬಸ್ಸಾರು, ಹುರುಳಿಕಾಳಿನ ಸಾರು ನಮ್ಮಲ್ಲಿ ಮೊದಲಿಂದಲೂ ಇವೆ. ಬಟ್ಟಲಲ್ಲಿ ಸೊಪ್ಪು, ಕಾಳು ಹೆಚ್ಚಿರಲಿ, ನೀರು ಕಡಿಮೆ ಇರಲಿ. ಮನೆಗೆಲ್ಲ ಇದೇ ಅಡುಗೆಯಾದರೆ ನಿಮಗೊಂದು ಬೇರೆ ಪಾತ್ರೆ ಇಡಬೇಕಿಲ್ಲ. ಬೇರೆ ಪಾತ್ರೆಯ ಊಟ ಎಷ್ಟೋ ಮನೆಗಳಲ್ಲಿ ಒಂದು ತಿಂಗಳೂ ನಡೆಯುವುದಿಲ್ಲ. ಉಂಡ ಮೇಲೆ ಹದಿನೈದು ನಿಮಿಷ ನಡೆಯಿರಿ, ಮಹಡಿಯ ಮೇಲಾದರೂ ಸರಿ.

ಮೆಟ್‌ಫಾರ್ಮಿನ್ ಅನ್ನು ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ನುಂಗಿ. ಮೊದಮೊದಲು ಹೊಟ್ಟೆ ತೊಳಸಬಹುದು, ಭೇದಿಯೂ ಆಗಬಹುದು. ಹಲವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹೋಗದಿದ್ದರೆ ನಿಧಾನವಾಗಿ ಕರಗುವ ಬಗೆಯ ಮಾತ್ರೆ ಇದೆ, ಕೇಳಿ ಪಡೆಯಿರಿ. ನೀವಾಗಿಯೇ ನಿಲ್ಲಿಸಬೇಡಿ. ಇದೊಂದೇ ಮಾತ್ರೆಯಿಂದ ಶುಗರ್ ತೀರಾ ಕೆಳಗಿಳಿಯುವುದು ಅಪರೂಪ. ಜೊತೆಗೆ ಗ್ಲಿಮೆಪಿರೈಡ್‌ನಂಥ ಇನ್ನೊಂದು ಶುಗರ್ ಮಾತ್ರೆ ಇದ್ದರೆ ಊಟ ತಪ್ಪಿಸಬಾರದು. ಬೆವರಿ, ಕೈ ನಡುಗಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. "ಕಿಡ್ನಿ ಹಾಳಾಗುತ್ತೆ" ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಕಿಡ್ನಿ ಮೊದಲೇ ಸೋತಿದ್ದರೆ ಈ ಮಾತ್ರೆಯನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ, ಅದನ್ನೇ ಜನ ತಿರುಗುಮುರುಗಾಗಿ ಹೇಳುತ್ತಾರೆ. ಕಿಡ್ನಿಯನ್ನು ಕೆಡಿಸುವುದು ಹತೋಟಿಯಿಲ್ಲದ ಸಕ್ಕರೆ ಮತ್ತು ಬಿಪಿ. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಕೇಂದ್ರದಲ್ಲಿ ಈ ಮಾತ್ರೆ ಬಹಳ ಅಗ್ಗ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಉಚಿತವಾಗಿಯೇ ಕೊಡುತ್ತಾರೆ.

ನೀವು ಕೇಳದ ಒಂದು ಮಾತು: ಕಣ್ಣಿನ ಒಳಪದರದ ಪರೀಕ್ಷೆಯನ್ನು ಮುಂದೂಡಬೇಡಿ. ಈ ಬಗೆಯ ಶುಗರ್ ಸುಳಿವು ಕೊಡದೆ ವರ್ಷಗಟ್ಟಲೆ ಇದ್ದಿರಬಹುದು, ಹಾಗಾಗಿ ಕಣ್ಣು ಮಂಜಾಗುವವರೆಗೆ ಕಾಯುವಂತಿಲ್ಲ. ಕಿಡ್ನಿಯ ಸ್ಥಿತಿ ತಿಳಿಸುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಜೊತೆಗೆ ಕೊಲೆಸ್ಟರಾಲ್, ಬಿಪಿ, ಪಾದದ ಸ್ಪರ್ಶ ಇವನ್ನೂ ಈಗಲೇ ನೋಡಿಸಿಕೊಳ್ಳಿ.

ಹಾಗಾದರೆ ಮಾತ್ರೆ ಬಿಡಲು ಆಗುವುದೇ ಇಲ್ಲವೇ? ಕೆಲವರಿಗೆ ಆಗುತ್ತದೆ. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ (2017) ಕಾಯಿಲೆ ಬಂದು ಆರು ವರ್ಷದೊಳಗಿದ್ದ, ತೂಕ ಹೆಚ್ಚಿದ್ದ ಜನರನ್ನು ಕಟ್ಟುನಿಟ್ಟಿನ ಕಡಿಮೆ ಕ್ಯಾಲರಿ ಆಹಾರದಲ್ಲಿಟ್ಟರು. ವರ್ಷದ ಕೊನೆಗೆ ಸುಮಾರು ಅರ್ಧದಷ್ಟು ಜನ ಮಾತ್ರೆಯಿಲ್ಲದೆ 6.5ರ ಕೆಳಗಿದ್ದರು. ಅವರಿಗೆ ಕೈಗೂಡಿದ್ದು ವೈದ್ಯರ ಕಣ್ಗಾವಲಿನಲ್ಲಿ ಇಳಿಸಿದ ತೂಕದಿಂದ. ನಿಮ್ಮ ಹೊಟ್ಟೆಯ ಸುತ್ತ ಬೊಜ್ಜಿದ್ದರೆ ಆ ದಾರಿ ನಿಮಗೂ ಇದೆ, ತೆಳ್ಳಗಿದ್ದರೆ ಅವಕಾಶ ಕಡಿಮೆ. ಮೂರು ತಿಂಗಳ ಗಡುವು ಇಟ್ಟುಕೊಳ್ಳಿ, ಆದರೆ ಮಾತ್ರೆ ನುಂಗುತ್ತಲೇ. ಆಗ ಮತ್ತೆ ಎಚ್‌ಬಿಎ1ಸಿ ಮಾಡಿಸಿ, ತೂಕದ ಲೆಕ್ಕವನ್ನೂ ಜೊತೆಗಿಟ್ಟುಕೊಂಡು, "ಇದನ್ನು ಕಡಿಮೆ ಮಾಡಬಹುದಾ?" ಎಂದು ಡಾಕ್ಟರನ್ನು ನೇರವಾಗಿ ಕೇಳಿ.