ಶೆಫೀಲ್ಡ್‌ನ ಬೀದಿಮರಗಳು ಮತ್ತು ಒಪ್ಪಂದದೊಳಗಿನ ಒಂದು ಸಂಖ್ಯೆ

ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಮನೆಗಳ ಮುಂದೆ ನಿಂತಿದ್ದ ಸುಮಾರು 5,600 ಬೀದಿಮರಗಳು 2012ರಿಂದ 2018ರ ನಡುವೆ ಉರುಳಿದವು. ಈ ಮರಕ್ಕೆ ಏನಾಗಿದೆ ಎಂದು ನಿವಾಸಿಗಳು ಕೇಳಿದಾಗಲೆಲ್ಲ, ಅನೇಕ ಬೀದಿಗಳಲ್ಲಿ ಸಿಕ್ಕ ಉತ್ತರ ಮರದ ಆರೋಗ್ಯವನ್ನು ಕುರಿತದ್ದಾಗಿರಲಿಲ್ಲ. ಬೇರು ಮೇಲೆತ್ತಿದ ಕಾಲುದಾರಿ ಮತ್ತು ಸರಿದ ಅಂಚುಗಲ್ಲುಗಳನ್ನು ಕುರಿತದ್ದಾಗಿತ್ತು. ಇಷ್ಟು ಸಣ್ಣ ದೋಷಕ್ಕೆ ನೂರು ವರ್ಷದ ಮರವನ್ನೇ ತೆಗೆಯಬೇಕೆ ಎಂಬ ಪ್ರಶ್ನೆ ಬೆಳೆದು ನ್ಯಾಯಾಲಯ, ಸಂಸತ್ತು, ಕೊನೆಗೆ ಸ್ವತಂತ್ರ ವಿಚಾರಣೆಯವರೆಗೂ ಹೋದದ್ದೇಕೆ ಎಂದು ತಿಳಿಯಬೇಕಾದರೆ, ಕೊಡಲಿ ಬೀಳುವುದಕ್ಕೆ ಕೆಲವು ವರ್ಷ ಹಿಂದಿನಿಂದ ನೋಡಬೇಕು.

ಆ ನಗರದ ಬೀದಿಗಳಲ್ಲಿ ಸುಮಾರು 35,000 ಮರಗಳಿದ್ದವು. ಅವುಗಳಲ್ಲಿ ಹೆಚ್ಚಿನವು ವಿಕ್ಟೋರಿಯಾ ರಾಣಿಯ ಕಾಲದಲ್ಲೋ ಅದರ ಬೆನ್ನಿಗೋ ನೆಟ್ಟು, ಒಟ್ಟಿಗೆ ಬಲಿತವು. 2006–07ರಲ್ಲಿ ನಗರಾಡಳಿತ ಮಾಡಿಸಿದ ಸಮೀಕ್ಷೆಯ ಪ್ರಕಾರ ತೆಗೆಯಬೇಕಾಗಿದ್ದದ್ದು ಸುಮಾರು 1,000 ಮರಗಳನ್ನು. ಇನ್ನು ಸುಮಾರು 10,000 ಮರಗಳಿಗೆ ಬೇಕಾಗಿದ್ದದ್ದು ಕೊಂಬೆ ಸವರುವಂಥ ಆರೈಕೆ. ಆದರೆ ಅದೇ ಹೊತ್ತಿಗೆ ಶೆಫೀಲ್ಡ್‌ನ ರಸ್ತೆಗಳ ಸ್ಥಿತಿ ದೇಶದಾದ್ಯಂತ ಟೀಕೆಗೆ ಗುರಿಯಾಗಿತ್ತು. ಅದನ್ನು ಸರಿಪಡಿಸಲು 2012ರಲ್ಲಿ ಏಮಿ ಎಂಬ ಖಾಸಗಿ ಕಂಪನಿಯೊಂದಿಗೆ 25 ವರ್ಷಗಳ, ಸುಮಾರು 220 ಕೋಟಿ ಪೌಂಡ್ ಮೊತ್ತದ ಒಪ್ಪಂದವಾಯಿತು. ರಸ್ತೆ, ಕಾಲುದಾರಿ, ಬೀದಿದೀಪಗಳ ಜೊತೆಗೆ ಬೀದಿಮರಗಳ ಹೊಣೆಯೂ ಅದರೊಳಗೆ ಸೇರಿತು.

ನನ್ನ ದೃಷ್ಟಿಯಲ್ಲಿ ಈ ಕಥೆಯ ಬೇರು ಇಲ್ಲಿಯೇ ಇದೆ. ಮರಗಳು ರಸ್ತೆಯ ಸಾಮಗ್ರಿಗಳ ಪಟ್ಟಿಗೆ ಸೇರಿದ ಮೇಲೆ, ಕಾಲುದಾರಿಯನ್ನು ಸಮತಟ್ಟಾಗಿ ಇಡಲು ಅಡ್ಡಿಯಾಗುವ ದೊಡ್ಡ ಮರ ಒಂದು ದೋಷವಾಗಿಯೂ, ಅದರ ಜಾಗದಲ್ಲಿ ನೆಟ್ಟ ಸಸಿ ಅದಕ್ಕೆ ಪರಿಹಾರವಾಗಿಯೂ ಕಾಣತೊಡಗುತ್ತದೆ. ಸಸಿ ಒಪ್ಪಂದದ ಅವಧಿ ಮುಗಿಯುವವರೆಗೂ ಕಲ್ಲನ್ನು ಎತ್ತುವುದಿಲ್ಲ, ಆದರೆ ಆ ಅವಧಿಯಲ್ಲಿ ಹಳೆಯ ಮರದಷ್ಟು ನೆರಳನ್ನೂ ಕೊಡುವುದಿಲ್ಲ. ಸತ್ತ, ಸಾಯುತ್ತಿರುವ, ರೋಗ ತಗುಲಿದ, ಅಪಾಯಕಾರಿಯಾದ ಮರಗಳನ್ನು ಮಾತ್ರವಲ್ಲದೆ, ರಸ್ತೆಗೆ ಹಾನಿ ಮಾಡುವ ಹಾಗೂ ಗಾಲಿಕುರ್ಚಿಯಂಥವುಗಳ ಓಡಾಟಕ್ಕೆ ತಡೆಯಾಗುವ ಮರಗಳನ್ನೂ ತೆಗೆಯಲಾಗುವುದೆಂದು ನಗರಾಡಳಿತ ಹೇಳಿತು. ಮೊದಲ ನಾಲ್ಕು ಕಾರಣಗಳ ಬಗ್ಗೆ ಹೆಚ್ಚು ಜಗಳವಿರಲಿಲ್ಲ. ಕೊನೆಯ ಎರಡರ ಅಡಿಯಲ್ಲಿ ಆರೋಗ್ಯವಂತ ಮರಗಳೂ ಪಟ್ಟಿಗೆ ಬಂದವು. ಗಾಲಿಕುರ್ಚಿಯಲ್ಲಿ ಓಡಾಡುವವರ ತೊಂದರೆ ನಿಜವಾದದ್ದೇ. ಆದರೆ ಬೇರಿನ ಸುತ್ತ ಬಾಗುವ ನೆಲಹಾಸು ಹಾಕುವುದು, ಅಂಚುಗಲ್ಲನ್ನು ಕೆತ್ತಿ ತೆಳುವಾಗಿಸುವುದು, ಕಾಲುದಾರಿಯನ್ನು ರಸ್ತೆಯ ಕಡೆಗೆ ತುಸು ಚಾಚುವುದು ಮುಂತಾದ ದಾರಿಗಳು ಇದ್ದವು, ಮತ್ತು ನಿವಾಸಿಗಳು ಪಟ್ಟು ಹಿಡಿದು ಕೇಳಿದ್ದು ಅವನ್ನೇ.

ಪ್ರತಿರೋಧ ಹೆಚ್ಚಿದಾಗ, 2015ರ ಕೊನೆಯಲ್ಲಿ ನಗರಾಡಳಿತ ಮನೆಮನೆಗೆ ಪತ್ರ ಕಳುಹಿಸಿ ಅಭಿಪ್ರಾಯ ಕೇಳುವ ಮತ್ತು ವಿರೋಧವಿದ್ದ ಬೀದಿಗಳ ಮರಗಳನ್ನು ಸ್ವತಂತ್ರ ತಜ್ಞರ ಸಮಿತಿಯೊಂದರ ಮುಂದಿಡುವ ವ್ಯವಸ್ಥೆ ಮಾಡಿತು. ಸಮಿತಿ ಉಳಿಸಬಹುದೆಂದ ಅನೇಕ ಮರಗಳು ಆ ಮೇಲೂ ಉಳಿಯಲಿಲ್ಲ. 2016ರ ನವೆಂಬರ್ 17ರಂದು ಬೆಳಗಿನ ಐದರ ಸುಮಾರಿಗೆ ಪೊಲೀಸರ ಜೊತೆ ಬಂದ ಕೆಲಸಗಾರರು ರಸ್ಲಿಂಗ್ಸ್ ರೋಡಿನ ನಿವಾಸಿಗಳನ್ನು ಎಬ್ಬಿಸಿ ಕಾರುಗಳನ್ನು ತೆಗೆಸಿ ಅಲ್ಲಿನ ಲಿಂಡೆನ್ ಮರಗಳನ್ನು ಕಡಿದರು. ತಡೆದವರಲ್ಲಿ ಎಪ್ಪತ್ತು ದಾಟಿದ ಇಬ್ಬರು ಮಹಿಳೆಯರು ಬಂಧನಕ್ಕೊಳಗಾದರು. ಅವರ ಮೇಲೆ ಬಳಸಿದ್ದು ಕಾರ್ಮಿಕ ಸಂಘಗಳಿಗಾಗಿ 1992ರಲ್ಲಿ ಮಾಡಿದ ಕಾಯ್ದೆ. ಆ ಪ್ರಕರಣ ಮುಂದೆ ನಿಲ್ಲಲಿಲ್ಲ. ಒಂದು ಬೀದಿಯ ದೂರಾಗಿದ್ದದ್ದು ರಾಷ್ಟ್ರೀಯ ಸುದ್ದಿಯಾದದ್ದು ಆ ಬೆಳಗಿನಿಂದ.

ಕಾನೂನು ಮಾತ್ರ ನಿವಾಸಿಗಳ ಪರವಾಗಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಅವರ ಅರ್ಜಿಯನ್ನು ತಳ್ಳಿಹಾಕಿತ್ತು. 2017ರ ಆಗಸ್ಟ್‌ನಲ್ಲಿ, ಕಡಿಯುವ ಮರದ ಸುತ್ತ ಹಾಕಿದ ತಡೆಬೇಲಿಯೊಳಗೆ ಯಾರೂ ನಿಲ್ಲಬಾರದೆಂಬ ಆದೇಶವೂ ಬಂತು. ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹಳೆಯ ವಿದ್ಯಾರ್ಥಿಗಳ ನೆನಪಿಗೆ 1919ರಲ್ಲಿ ನೆಟ್ಟಿದ್ದ ವೆಸ್ಟರ್ನ್ ರೋಡಿನ ಮರಗಳೂ, ಅಪರೂಪದ ಚಿಟ್ಟೆಗಳಿಗೆ ನೆಲೆಯಾಗಿದ್ದ ಚೆಲ್ಸೀ ರೋಡಿನ ಎಲ್ಮ್ ಮರವೂ ಕಡಿಯುವ ಪಟ್ಟಿಯಲ್ಲಿದ್ದವು.

2018ರ ಮಾರ್ಚ್‌ನಲ್ಲಿ, ಮಾಹಿತಿ ಹಕ್ಕಿನಡಿ ಹೊರಬಂದ ಒಪ್ಪಂದದ ಪುಟಗಳಲ್ಲಿ ಅವಧಿ ಮುಗಿಯುವುದರೊಳಗೆ 17,500 ಮರಗಳನ್ನು ಬದಲಿಸಬೇಕೆಂಬ ಮಾತು ಕಂಡಿತು. ಅಂದರೆ ಬೀದಿಮರಗಳ ಅರ್ಧದಷ್ಟು. ಅಷ್ಟೂ ಮರಗಳನ್ನು ಕಡಿಯುವ ಗುರಿ ತನಗಿಲ್ಲವೆಂದು ನಗರಾಡಳಿತ ಅಲ್ಲಿಯವರೆಗೆ ಹೇಳುತ್ತ ಬಂದಿತ್ತು. ಪ್ರತಿ ಮರವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿಯೇ ತೀರ್ಮಾನಿಸುತ್ತೇವೆ ಎಂಬ ಭರವಸೆಗೂ, ಒಂದು ಮರವನ್ನೂ ನೋಡುವ ಮುನ್ನವೇ ಬರೆದಿಟ್ಟ ಈ ಸಂಖ್ಯೆಗೂ ಹೊಂದಿಕೆಯಾಗುವಂತೆ ಕಾಣಲಿಲ್ಲ. ಅದೇ ತಿಂಗಳ ಕೊನೆಗೆ ಕಡಿತ ನಿಂತಿತು. ಮುಂದೆ ಪ್ರತಿಭಟನಕಾರರೂ ಅಧಿಕಾರಿಗಳೂ ಕೂಡಿ ಮರಗಳನ್ನು ಮತ್ತೆ ಪರಿಶೀಲಿಸಿದಾಗ, ಉಳಿಯುವುದೇ ಇಲ್ಲವೆಂದಿದ್ದ ಅನೇಕ ಮರಗಳು ಸಾಮಾನ್ಯ ರಿಪೇರಿಯಿಂದಲೇ ಉಳಿದವು. ಚೆಲ್ಸೀ ರೋಡಿನ ಎಲ್ಮ್ ಕೂಡ ಅವುಗಳಲ್ಲೊಂದು.

ವಿಶ್ವಸಂಸ್ಥೆಯ ಮಾನವೀಯ ನೆರವಿನ ಮುಖ್ಯಸ್ಥರಾಗಿದ್ದ ಸರ್ ಮಾರ್ಕ್ ಲೋಕಾಕ್ ನಡೆಸಿದ ವಿಚಾರಣೆಯ ವರದಿ 2023ರ ಮಾರ್ಚ್‌ನಲ್ಲಿ ಬಂದಿತು. ನಗರಾಡಳಿತ ಸಾರ್ವಜನಿಕರನ್ನೂ, ತಾನೇ ನೇಮಿಸಿದ ತಜ್ಞರ ಸಮಿತಿಯನ್ನೂ, ನ್ಯಾಯಾಲಯವನ್ನೂ ದಾರಿ ತಪ್ಪಿಸಿತ್ತೆಂದು ಅದು ಹೇಳಿತು. ನಗರಾಡಳಿತ ಕ್ಷಮೆ ಕೇಳಿತು. ಆ ವರ್ಷದ ನವೆಂಬರ್‌ನಲ್ಲಿ, 2021ರ ಪರಿಸರ ಕಾಯ್ದೆಯ ಒಂದು ಭಾಗ ಜಾರಿಗೆ ಬಂದು, ಬೀದಿಮರ ಕಡಿಯುವ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳುವುದು ಇಂಗ್ಲೆಂಡಿನ ಸ್ಥಳೀಯ ಆಡಳಿತಗಳ ಕರ್ತವ್ಯವಾಯಿತು. ಸತ್ತ ಮರಗಳಂಥ ಕೆಲವಕ್ಕೆ ವಿನಾಯಿತಿ ಇದೆ. ಅಭಿಪ್ರಾಯ ಕೇಳಿದ ಮೇಲೆ ಅದರಂತೆ ನಡೆಯಲೇಬೇಕೆಂದು ಆ ಕಾಯ್ದೆಯೂ ಹೇಳುವುದಿಲ್ಲ.